ಟಾಪ್ ಸ್ಪೀಡ್ ಕೇಳಬೇಡಿ: ಮದ್ರಾಸ್ ರೇಸ್ ಟ್ರ್ಯಾಕ್‌ನಲ್ಲಿ ಒಂದು ದಿನಕ್ಕೆ ತಯಾರಿ

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದು ಹೋಗುವವರಿಗೆ ಶ್ರೀಪೆರಂಬುದೂರು ಹೊಸದಲ್ಲ. ರಾಮಾನುಜಾಚಾರ್ಯರು ಹುಟ್ಟಿದ ಊರೆಂದು ಮೇಲುಕೋಟೆ ಕಡೆಯ ಭಕ್ತರು ಅಲ್ಲಿ ಇಳಿದು ಕೈಮುಗಿಯುತ್ತಾರೆ. ಉಳಿದವರು ರಾಜೀವ್ ಗಾಂಧಿ ಹತ್ಯೆಯಾದ ಜಾಗವೆಂದು ನೆನೆದು ಮುಂದೆ ಸಾಗುತ್ತಾರೆ. ಇವೆರಡಕ್ಕೂ ಸೇರದ ಮೂರನೆಯ ಗುಂಪೊಂದಿದೆ. ಬೆನ್ನಿಗೆ ಉಬ್ಬಿದ ಬ್ಯಾಗು, ಹಿಂದೆ ಟಾಟಾ ಏಸ್‌ನಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ಬೈಕು. ಇವರು ಊರು ದಾಟಿ ಚೆನ್ನೈ ಕಡೆಗೆ ಇನ್ನಷ್ಟು ಹೋಗಿ, ಹ್ಯುಂಡೈ ಕಾರ್ಖಾನೆ ಇರುವ ಇರುಂಗಾಟ್ಟುಕೋಟ್ಟೈಯಲ್ಲಿ ಹೆದ್ದಾರಿ ಬಿಡುತ್ತಾರೆ. ಅಲ್ಲಿದೆ 3.717 ಕಿಲೋಮೀಟರ್ ಉದ್ದದ, 12 ತಿರುವುಗಳ ರೇಸ್ ಟ್ರ್ಯಾಕು. ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹಳಬರು ಇನ್ನೂ ಎಂಎಂಆರ್‌ಟಿ ಎಂದೇ ಕರೆಯುತ್ತಾರೆ.

ರೇಸ್ ಇಲ್ಲದ ದಿನಗಳಲ್ಲಿ ಈ ಟ್ರ್ಯಾಕನ್ನು ಸಂಘಗಳು, ಕಂಪನಿಗಳು, ತರಬೇತಿ ಶಾಲೆಗಳು ಬಾಡಿಗೆಗೆ ಹಿಡಿದು ಸಾಮಾನ್ಯ ಸವಾರರಿಗೆ ತೆರೆಯುತ್ತವೆ. ಇದಕ್ಕೇ ಟ್ರ್ಯಾಕ್ ಡೇ ಎನ್ನುವುದು. ಹಣ ಕಟ್ಟಿ, ನಿಮ್ಮ ಸ್ವಂತ ಬೈಕನ್ನೋ ಕಾರನ್ನೋ ಒಯ್ದು ದಿನವಿಡೀ ಕಂತುಕಂತಾಗಿ ಓಡಿಸಬಹುದು. ಎದುರಿಗೆ ಲಾರಿ ಬರುವುದಿಲ್ಲ, ಅಡ್ಡ ನಾಯಿ ಬರುವುದಿಲ್ಲ, ಯೂ-ಟರ್ನ್ ಹೊಡೆಯುವ ಆಟೋ ಇಲ್ಲ. ಬಹುಮಾನವೂ ಇಲ್ಲ, ಪಟ್ಟವೂ ಇಲ್ಲ. ಈ ಕೊನೆಯ ಮಾತನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಟ್ರ್ಯಾಕ್ ಡೇಗೆ ಬಂದ ಅರ್ಧಕ್ಕರ್ಧ ಜನ ಮೊದಲ ಅರ್ಧ ಗಂಟೆಯಲ್ಲೇ ಅದನ್ನು ಮರೆಯುತ್ತಾರೆ.

ನಮ್ಮಲ್ಲಿ ವೇಗದ ಚಪಲ ತೀರಿಸಿಕೊಳ್ಳುವ ಜಾಗಗಳು ಯಾವುವು ಎಂದು ಎಲ್ಲರಿಗೂ ಗೊತ್ತು. ಭಾನುವಾರ ಬೆಳಗಿನ ನಂದಿಬೆಟ್ಟದ ದಾರಿ, ವಿಮಾನ ನಿಲ್ದಾಣದ ರಸ್ತೆ, ನೈಸ್ ರಸ್ತೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ನಿಂತಿತು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ: ಮೊದಲ ಬಾರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ. ಕಾನೂನಿನ ಮಾತು ಹಾಗಿರಲಿ. ರಸ್ತೆಯಲ್ಲಿ ವೇಗ ಕಲಿಯಲು ಆಗುವುದಿಲ್ಲ ಎಂಬುದೇ ದೊಡ್ಡ ಕಾರಣ. ಒಂದೇ ತಿರುವನ್ನು ದಿನಕ್ಕೆ ನಲವತ್ತು ಸಲ ಹಾದು, ಪ್ರತಿ ಸಲ ಏನಾಯಿತೆಂದು ಗಮನಿಸಿ ತಿದ್ದಿಕೊಳ್ಳುವ ಅವಕಾಶ ಟ್ರ್ಯಾಕ್ ಬಿಟ್ಟು ಬೇರೆಲ್ಲೂ ಇಲ್ಲ.

ಶೋಲಾವರಂನ ಕೂಸು

ಈ ಟ್ರ್ಯಾಕಿಗೆ ಒಂದು ವಂಶಾವಳಿ ಇದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಆಗ ರೇಸ್ ನಡೆಯುತ್ತಿದ್ದದ್ದು ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಬಳಕೆ ತಪ್ಪಿದ ವಿಮಾನ ಪಟ್ಟಿಯ ಮೇಲೆ. ದೇಶದ ಮೂಲೆಮೂಲೆಯಿಂದ ಮಹಾರಾಜರು, ಗಿರಣಿ ಮಾಲೀಕರ ಮಕ್ಕಳು, ಗ್ಯಾರೇಜಿನ ಮೆಕ್ಯಾನಿಕ್‌ಗಳು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದ ಜಾಗ ಅದು. ವಿಜಯ್ ಮಲ್ಯ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ತಂದು ಓಡಿಸಿದ್ದೂ ಅಲ್ಲೇ. ಕೊಯಮತ್ತೂರಿನ ಎಸ್. ಕರಿವರ್ಧನ್ ತಾವೇ ಕಾರು ಕಟ್ಟಿ ಓಡಿಸುತ್ತಿದ್ದರು. ಮಾರುತಿ 800ರ ಎಂಜಿನ್ ಕೂರಿಸಿ ಅವರು ರೂಪಿಸಿದ ಫಾರ್ಮುಲಾ ಮಾರುತಿ ಕಾರು, ಹಣವಂತರಲ್ಲದವರಿಗೂ ರೇಸಿಂಗ್ ಬಾಗಿಲು ತೆರೆಯಿತು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದೇ.

ವಿಮಾನ ಪಟ್ಟಿ ಎಂದರೆ ನೇರ, ಚಪ್ಪಟೆ, ಬಟಾಬಯಲು. ಅದನ್ನು ಬಿಟ್ಟು ಕ್ಲಬ್ಬು ತನ್ನದೇ ಜಾಗ ಕೊಂಡು ಇರುಂಗಾಟ್ಟುಕೋಟ್ಟೈಯಲ್ಲಿ ಟ್ರ್ಯಾಕ್ ಕಟ್ಟಿತು. 1990ರಲ್ಲಿ ಅದು ತೆರೆಯಿತು. ರೇಸಿಂಗಿಗೆಂದೇ ಕಟ್ಟಿದ ದೇಶದ ಮೊದಲ ಶಾಶ್ವತ ಸರ್ಕ್ಯೂಟ್ ಇದು. ನೊಯ್ಡಾ ಬಳಿಯ ಬುದ್ಧ ಸರ್ಕ್ಯೂಟ್ ಬಂದದ್ದು ಇದಾದ ಎರಡು ದಶಕಗಳ ಮೇಲೆ, 2011ರಲ್ಲಿ. ಮುಂದೆ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಹುಡುಗನಾಗಿದ್ದಾಗ ಫಾರ್ಮುಲಾ ಮಾರುತಿ ಓಡಿಸಿದ್ದು ಇದೇ ಡಾಂಬರಿನ ಮೇಲೆ. ನಿಮ್ಮ 200 ಸಿಸಿ ಬೈಕು ಉರುಳುವುದೂ ಅದೇ ತಿರುವುಗಳಲ್ಲಿ ಎಂಬುದು ಟ್ರ್ಯಾಕ್ ಡೇಯ ಒಂದು ಸಣ್ಣ ಜಂಬ. ಅಷ್ಟು ಜಂಬ ಇರಲಿ.

ಹಣ ಕಟ್ಟುವ ಮುನ್ನ

ಟ್ರ್ಯಾಕ್ ಡೇಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದರಲ್ಲಿ ಟ್ರ್ಯಾಕ್ ತೆರೆದಿರುತ್ತದೆ, ನಿಮ್ಮ ಗುಂಪಿನ ಸರದಿ ಬಂದಾಗ ಹೋಗಿ ಓಡಿಸುತ್ತೀರಿ, ಅಷ್ಟೆ. ಇನ್ನೊಂದು ಶಾಲೆಯ ರೂಪದ್ದು: ಪ್ರತಿ ಕಂತಿಗೂ ಮುಂಚೆ ಪಾಠ, ಟ್ರ್ಯಾಕ್ ಮೇಲೆ ನಿಮ್ಮ ಹಿಂದೆ ಮುಂದೆ ತರಬೇತುದಾರ, ಕಂತು ಮುಗಿದ ಮೇಲೆ ತಪ್ಪೊಪ್ಪುಗಳ ಚರ್ಚೆ. ಅಮೆರಿಕದ ಕೀತ್ ಕೋಡ್ ಶುರುಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಈ ಟ್ರ್ಯಾಕಿನಲ್ಲಿ ಹಲವು ವರ್ಷ ತರಗತಿ ನಡೆಸಿದೆ. ರಾಷ್ಟ್ರೀಯ ಮಟ್ಟದ ಹಳೆಯ ರೇಸರ್‌ಗಳು ನಡೆಸುವ ದೇಶೀ ಶಾಲೆಗಳೂ ಇವೆ. ಬೈಕ್ ಕಂಪನಿಗಳು ತಮ್ಮ ಗ್ರಾಹಕರಿಗೆಂದೇ ಏರ್ಪಡಿಸುವ ದಿನಗಳೂ ಇವೆ. ನಿಮ್ಮ ಶೋರೂಂನಲ್ಲಿ ಒಮ್ಮೆ ವಿಚಾರಿಸಿ, ಅಗ್ಗದಲ್ಲಿ ಸಿಗುವುದು ಸಾಮಾನ್ಯವಾಗಿ ಇದೇ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಒಂದೇ: ಶಾಲೆಯ ರೂಪದ ದಿನವನ್ನೇ ಆರಿಸಿ. ಶುಲ್ಕ ಹೆಚ್ಚು ಎಂದು ಹಿಂಜರಿಯುವವರೇ ಎಕ್ಸಾಸ್ಟ್ ಪೈಪ್ ಬದಲಿಸಲು ಅದಕ್ಕಿಂತ ಹೆಚ್ಚು ಸುರಿದಿರುತ್ತಾರೆ. ಶಬ್ದ ಹೆಚ್ಚಿಸಿಕೊಂಡು ಬೈಕು ವೇಗವಾಯಿತೆಂದು ತಿಳಿಯುವುದಕ್ಕಿಂತ, ಬ್ರೇಕ್ ಎಲ್ಲಿ ಬಿಡಬೇಕೆಂದು ಒಬ್ಬ ಬಲ್ಲವನಿಂದ ಕೇಳುವುದು ಲಾಭ.

ಟ್ರ್ಯಾಕು ಕ್ಲಬ್ಬಿನದು, ದಿನ ಏರ್ಪಡಿಸುವವರು ಬೇರೆ ಎಂಬುದು ನೆನಪಿರಲಿ. ನೀವು ಹಣ ಕೊಡುವುದು ಏರ್ಪಡಿಸುವವರಿಗೆ. ಆದ್ದರಿಂದ ಅವರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ಒಂದು ಗುಂಪಿನಲ್ಲಿ ಎಷ್ಟು ಜನ, ಒಬ್ಬರಿಗೆ ಒಟ್ಟು ಎಷ್ಟು ನಿಮಿಷ ಟ್ರ್ಯಾಕ್ ಸಿಗುತ್ತದೆ? ಸಣ್ಣ ಬೈಕು ಲೀಟರ್ ಬೈಕು ಎಲ್ಲವನ್ನೂ ಒಟ್ಟಿಗೆ ಬಿಡುತ್ತಾರೋ, ಬೇರೆಬೇರೆಯೋ? ಮಳೆ ಬಂದರೆ ಹಣ ವಾಪಸೋ, ಬೇರೆ ದಿನವೋ? ಪ್ರತಿ ತಿರುವಿನಲ್ಲೂ ಮಾರ್ಷಲ್ ಇರುತ್ತಾರೆಯೇ? ಡಾಕ್ಟರು, ಅಗ್ನಿಶಾಮಕ ಸಲಕರಣೆ ಇವೆಯೇ? ಆಂಬುಲೆನ್ಸ್ ಎಷ್ಟು? ಈ ಕೊನೆಯದಕ್ಕೆ ಒಂದು ಉಪಪ್ರಶ್ನೆ ಉಂಟು. ಇರುವ ಒಂದೇ ಆಂಬುಲೆನ್ಸ್ ಯಾರನ್ನೋ ಆಸ್ಪತ್ರೆಗೆ ಒಯ್ದರೆ, ಅದು ಬರುವವರೆಗೆ ಟ್ರ್ಯಾಕ್ ಮುಚ್ಚುತ್ತೀರಾ? ಮುಚ್ಚುತ್ತೇವೆ ಎಂಬುದೇ ಸರಿಯಾದ ಉತ್ತರ. ತಡವರಿಸಿದರೆ ಹಣ ಕಟ್ಟಬೇಡಿ.

ತಿಂಗಳು ಯಾವುದು ಎಂಬುದೂ ಮುಖ್ಯ. ನಮಗೆ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಚೆನ್ನೈನ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ್ದು. ಬೆಂಗಳೂರಿನಲ್ಲಿ ಕೂತು ದೀಪಾವಳಿಯ ರಜೆಗೆ ಯೋಜನೆ ಹಾಕುವವರು ಇದನ್ನು ಮರೆಯುತ್ತಾರೆ. ಏಪ್ರಿಲ್, ಮೇ ತಿಂಗಳ ಬಿಸಿಲು ಚರ್ಮದ ಸೂಟಿನೊಳಗೆ ಸಹಿಸುವಂಥದ್ದಲ್ಲ. ಜನವರಿ, ಫೆಬ್ರವರಿ ಒಳ್ಳೆಯದು.

ಬೈಕಿನ ಕೆಲಸ

ಟ್ರ್ಯಾಕಿಗೆ ಹೋಗಲು ದೊಡ್ಡ ಬೈಕು ಬೇಕಿಲ್ಲ. ದೊಡ್ಡ ಬೈಕು ಬೇಡ ಎಂದೇ ಹೇಳುತ್ತೇನೆ. 150ರಿಂದ 400 ಸಿಸಿಯ ನಡುವಿನದರಲ್ಲಿ ಕಲಿಯುವಷ್ಟು ಲೀಟರ್ ಬೈಕಿನಲ್ಲಿ ಕಲಿಯಲಾಗದು. ದೊಡ್ಡ ಎಂಜಿನ್ ನಿಮ್ಮ ತಪ್ಪುಗಳನ್ನು ನೇರದಾರಿಯಲ್ಲಿ ಮುಚ್ಚಿಹಾಕುತ್ತದೆ. ಸಣ್ಣ ಬೈಕು ಮುಚ್ಚಿಹಾಕುವುದಿಲ್ಲ. ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಮುಂದಿನ ಅರ್ಧ ಕಿಲೋಮೀಟರ್ ಉದ್ದಕ್ಕೂ ನೆನಪಿಸುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಮೊದಲು ಬ್ರೇಕು. ವೇಗ ಇಮ್ಮಡಿಯಾದರೆ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದೆಲ್ಲ ಶಾಖವಾಗಿ ಡಿಸ್ಕಿಗೆ, ಪ್ಯಾಡಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಮುಂದಿನದಕ್ಕೆ ಎಷ್ಟೋ ನಿಮಿಷ ಬಿಡುವು ಸಿಗುತ್ತದೆ. ಟ್ರ್ಯಾಕಿನಲ್ಲಿ ಕೆಲವೇ ಸೆಕೆಂಡುಗಳಿಗೆ ಇನ್ನೊಂದು ತಿರುವು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುವ ಗುಣದ್ದು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಲಿವರ್ ಹ್ಯಾಂಡಲ್‌ವರೆಗೂ ಮೆತ್ತಗೆ ಬಂದು ಬಿಡುತ್ತದೆ, ಬೈಕು ನಿಲ್ಲುವುದಿಲ್ಲ. ಆದ್ದರಿಂದ ಹೋಗುವ ಹಿಂದಿನ ವಾರ ಹಳೆಯ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸಿ. "ಮೇಲಿಂದ ಸ್ವಲ್ಪ ಟಾಪ್ ಅಪ್ ಮಾಡಿದೀನಿ ಸಾರ್, ಸಾಕು" ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪಬೇಡಿ. ಪ್ಯಾಡು ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನೂ ಬದಲಿಸಿ. ಹೊಸ ಪ್ಯಾಡನ್ನು ರಸ್ತೆಯಲ್ಲಿ ಕೆಲವು ದಿನ ಓಡಿಸಿ ಹದಕ್ಕೆ ತಂದುಕೊಳ್ಳಬೇಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರ ತಯಾರಾದದ್ದು. ಗುಂಡಿ ಗೆರೆ ಇನ್ನೂ ಇದೆಯೆಂದು ಆರೇಳು ವರ್ಷದ ಟೈರಿನಲ್ಲಿ ಹೋಗುವವರಿದ್ದಾರೆ. ರಬ್ಬರು ಗಟ್ಟಿಯಾಗಿದ್ದರೆ ಗೆರೆ ಇದ್ದೂ ಹಿಡಿತವಿಲ್ಲ. ಗಾಳಿಯ ಒತ್ತಡ ಓಡಿದಂತೆ ಬಿಸಿಯಾಗಿ ಏರುತ್ತದೆ, ಹಾಗಾಗಿ ಬೆಳಗ್ಗೆ ತಣ್ಣಗಿರುವಾಗ ಎಷ್ಟಿರಬೇಕೆಂದು ನಿಮ್ಮ ಬೈಕು, ಟೈರು ನೋಡಿ ತರಬೇತುದಾರರೇ ಹೇಳಲಿ. ಒತ್ತಡ ಅಳೆಯುವ ಒಂದು ಗೇಜು ಸ್ವಂತದ್ದಿರಲಿ. ಪಂಕ್ಚರ್ ತೇಪೆ ಬಿದ್ದ ಟೈರನ್ನು ಟ್ರ್ಯಾಕಿಗೆ ತರಲೇಬೇಡಿ.

ಇನ್ನು ಕಳಚುವ ಕೆಲಸ. ಕನ್ನಡಿ, ನಂಬರ್ ಪ್ಲೇಟು, ಸೀರೆ ಗಾರ್ಡು, ಹಿಂಬದಿಯವರ ಕಾಲಿಡುವ ಫುಟ್‌ರೆಸ್ಟು, ಕ್ರ್ಯಾಶ್ ಗಾರ್ಡು. ಬಿದ್ದಾಗ ನೆಲಕ್ಕೆ ಸಿಕ್ಕಿಕೊಂಡು ಬೈಕನ್ನು ಪಲ್ಟಿ ಹೊಡೆಸುವ ಯಾವುದೂ ಚಾಚಿಕೊಂಡಿರಬಾರದು. ಹೆಡ್‌ಲೈಟು, ಇಂಡಿಕೇಟರ್ ಗಾಜಿಗೆ ಟೇಪು ಅಂಟಿಸಿ, ಒಡೆದರೂ ಚೂರು ಟ್ರ್ಯಾಕಿಗೆ ಚೆಲ್ಲದಂತೆ. ಸೈಡ್ ಸ್ಟ್ಯಾಂಡನ್ನು ತೆಗೆಯಿಸುತ್ತಾರೋ ತಂತಿಯಿಂದ ಕಟ್ಟಿಸುತ್ತಾರೋ ಮೊದಲೇ ಕೇಳಿಟ್ಟುಕೊಳ್ಳಿ. ತೆಗೆಯಬೇಕಾದರೆ ಪ್ಯಾಡಾಕಿನಲ್ಲಿ ಬೈಕು ನಿಲ್ಲಿಸಲು ಹಿಂದಿನ ಸ್ಟ್ಯಾಂಡು ಬೇಕು. ಆಯಿಲ್ ಒಂದು ಹನಿ ಸೋರುತ್ತಿದ್ದರೂ ತಪಾಸಣೆಯಲ್ಲಿ ವಾಪಸು ಕಳಿಸುತ್ತಾರೆ, ಕಳಿಸಲೇಬೇಕು. ನಿಮ್ಮ ಹನಿಯ ಮೇಲೆ ಜಾರಿ ಬೀಳುವುದು ಹಿಂದೆ ಬರುವವನು. ರೇಡಿಯೇಟರಿನ ಕೂಲೆಂಟ್ ನೆಲಕ್ಕೆ ಬಿದ್ದರೆ ಜಾರುತ್ತದೆಂದು ಕೆಲವರು ಬರೀ ನೀರು ತುಂಬಿಸಿಕೊಂಡು ಬರಲು ಹೇಳುತ್ತಾರೆ. ವಾಪಸ್ ಬಂದ ಕೂಡಲೇ ಮತ್ತೆ ಕೂಲೆಂಟ್ ಹಾಕಿಸಿಕೊಳ್ಳಿ.

ಕಾರಿನವರಿಗೆ ಕೆಲಸ ಕಡಿಮೆ. ಬ್ರೇಕ್ ಆಯಿಲ್, ಪ್ಯಾಡು, ಟೈರಿನ ಮಾತು ಹಾಗೇ ಅನ್ವಯ. ಜೊತೆಗೆ ಕಾರಿನೊಳಗಿನ ಸಡಿಲ ಸಾಮಾನು ಪೂರ್ತಿ ಖಾಲಿ ಮಾಡಿ: ಜಾಕು, ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಗಣಪತಿ. ಚಾಲಕನ ಕಾಲಡಿಯ ಮ್ಯಾಟು ತೆಗೆಯುವುದನ್ನು ಮರೆಯಬೇಡಿ, ಅದು ಜರುಗಿ ಪೆಡಲ್ ಕೆಳಗೆ ಸಿಕ್ಕಿಕೊಂಡ ಪ್ರಸಂಗಗಳುಂಟು. ಎಳೆದೊಯ್ಯುವ ಕೊಕ್ಕೆಯನ್ನು ಮುಂಚೆಯೇ ತಿರುಗಿಸಿ ಹಾಕಿಟ್ಟಿರಿ. ಓಡಿಸಿ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ, ಕಾದ ಬ್ರೇಕು ಆರಲಿ. ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿದರೆ ಗಂಡಸುತನ ಎಂದು ತಿಳಿದವರು ಪ್ರತಿ ಟ್ರ್ಯಾಕ್ ಡೇಯಲ್ಲೂ ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಮೈಮೇಲೆ ಏನಿರಬೇಕು

ಜೀನ್ಸು ಮತ್ತು ಜಾಕೆಟ್ ಹಾಕಿ ನಂದಿಬೆಟ್ಟ ಹತ್ತಬಹುದು, ಇಲ್ಲಿ ನಡೆಯದು. ಒಂದೇ ತುಂಡಿನ ಚರ್ಮದ ಸೂಟು, ಅಥವಾ ಮೇಲಿನದು ಕೆಳಗಿನದು ಸೊಂಟದ ಸುತ್ತ ಜಿಪ್‌ನಿಂದ ಸೇರುವ ಎರಡು ತುಂಡಿನ ಸೂಟು. ಮಣಿಕಟ್ಟು ದಾಟಿ ಮುಚ್ಚುವ ಗ್ಲೌಸು, ಹರಡಿನ ಮೇಲೆ ಬರುವ ಬೂಟು, ಬೆನ್ನಿಗೆ ಪ್ರೊಟೆಕ್ಟರು. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದೇ ಆಗಬೇಕು. ಬಾಯಿಯ ಭಾಗ ಮೇಲೆತ್ತುವ ಫ್ಲಿಪ್-ಅಪ್ ಬೇಡ. ಕೈಜಾರಿ ಬಿದ್ದಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲು ಅದುಮಿ ಹೋಗಿರಬಹುದು. ಅಂಥದ್ದನ್ನು ಮನೆಯಲ್ಲೇ ಬಿಡಿ.

ಸೂಟಿನ ಬೆಲೆ ಕೇಳಿ ಎದೆ ಧಸಕ್ಕೆನ್ನುವುದು ಸಹಜ. ಮೊದಲ ಒಂದೆರಡು ಸಲ ಬಾಡಿಗೆಗೆ ಪಡೆಯಿರಿ. ಬಹುಪಾಲು ಏರ್ಪಾಡುಗಾರರು ಕೊಡಿಸುತ್ತಾರೆ. ಅಳತೆಯನ್ನು ಮೊದಲೇ ಕಳಿಸಿ, ಮೈಗೆ ಬಿಗಿಯಾಗಿ ಕೂರಬೇಕು, ಸಡಿಲ ಸೂಟಿನಲ್ಲಿ ಮೊಣಕೈ ಪ್ಯಾಡು ಬಿದ್ದಾಗ ಸರಿದು ಎಲ್ಲೋ ಹೋಗಿರುತ್ತದೆ. ಹೆಣ್ಣುಮಕ್ಕಳು ತಮ್ಮ ಅಳತೆಯ ಸೂಟು ಬಾಡಿಗೆಗೆ ಇದೆಯೇ ಎಂದು ಹಣ ಕಟ್ಟುವ ಮುನ್ನವೇ ಖಾತ್ರಿ ಮಾಡಿಕೊಳ್ಳಲಿ, ಹೊರಡುವ ಹಿಂದಿನ ದಿನ ಕೇಳಿದರೆ ಉಪಯೋಗವಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ರೋಡ್ ರೇಸಿಂಗಿನಲ್ಲೂ ರ್ಯಾಲಿಯಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದು, 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಮೇಲೆ ಟ್ರ್ಯಾಕಿನಲ್ಲಿ ಹುಡುಗಿಯರನ್ನು ಕಂಡು ಹುಬ್ಬೇರಿಸುವವರು ಕಡಿಮೆಯಾಗಿದ್ದಾರೆ. ಸೂಟಿನ ಅಳತೆಗಳು ಇನ್ನೂ ಅಷ್ಟು ಮುಂದುವರಿದಿಲ್ಲ.

ಆ ದಿನ

ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ರಾತ್ರಿ ಎರಡಕ್ಕೆ ಹೊರಟು ಕೃಷ್ಣಗಿರಿ, ವೆಲ್ಲೂರು ದಾಟಿ ಬೆಳಗ್ಗೆ ಏಳಕ್ಕೆ ನೇರ ಗೇಟಿಗೆ ಬಂದು ನಿಲ್ಲುವ ಸಾಹಸಿಗಳಿದ್ದಾರೆ. ನಿದ್ದೆಗೆಟ್ಟ ಕಣ್ಣಲ್ಲಿ ಬ್ರೇಕಿಂಗ್ ಗುರುತು ಕಾಣುವುದಿಲ್ಲ. ಹಿಂದಿನ ದಿನವೇ ಹೋಗಿ ಶ್ರೀಪೆರಂಬುದೂರಿನಲ್ಲಿ ಉಳಿಯಿರಿ. ಇಬ್ಬರು ಮೂವರು ಸೇರಿ ಗೂಡ್ಸ್ ಗಾಡಿ ಮಾಡಿಕೊಂಡು ಬೈಕುಗಳನ್ನು ಸಾಗಿಸುವುದು ಜಾಣತನ. ಬೈಕನ್ನೇ ಓಡಿಸಿಕೊಂಡು ಹೋದರೆ, ಬಿದ್ದು ಹ್ಯಾಂಡಲ್ ಬಾಗಿದಾಗ ವಾಪಸ್ ಬರುವುದು ಹೇಗೆಂದು ಮೊದಲೇ ಯೋಚಿಸಿರಬೇಕು.

ಬೆಳಗ್ಗೆ ನೋಂದಣಿ, ವಾಹನ ತಪಾಸಣೆ, ಆಮೇಲೆ ರೈಡರ್ಸ್ ಬ್ರೀಫಿಂಗ್. ಈ ಬ್ರೀಫಿಂಗ್ ಹೊತ್ತಿಗೆ ಕಾಫಿ ಹುಡುಕಿಕೊಂಡು ಹೋಗಬೇಡಿ. ಯಾವ ಕಡೆಯಿಂದ ಟ್ರ್ಯಾಕ್ ಸೇರಬೇಕು, ಎಲ್ಲಿ ಹೊರಬರಬೇಕು, ಯಾರು ಯಾರನ್ನು ಎಲ್ಲಿ ಹಿಂದಿಕ್ಕಬಹುದು ಎಂಬುದೆಲ್ಲ ಇಲ್ಲೇ ಹೇಳುವುದು. ಹೊಸಬರ ಗುಂಪಿನಲ್ಲಿ ತಿರುವಿನೊಳಗೆ ಹಿಂದಿಕ್ಕಲು ಬಿಡುವುದಿಲ್ಲ. ಹಿಂದಿಕ್ಕುವಾಗ ಜಾಗ ಬಿಟ್ಟು ಹೋಗುವ ಹೊಣೆ ಹಿಂದಿಕ್ಕುವವನದು. ಮುಂದಿರುವವನ ಕೆಲಸ ತನ್ನ ದಾರಿಯಲ್ಲಿ ನೇರ ಹೋಗುತ್ತಿರುವುದಷ್ಟೆ, ಯಾರೋ ಬಂದರೆಂದು ಗಾಬರಿಬಿದ್ದು ಪಕ್ಕಕ್ಕೆ ಸರಿಯಬಾರದು. ಕನ್ನಡಿ ಕಳಚಿಸುವುದಕ್ಕೆ ಇದೂ ಒಂದು ಕಾರಣ.

ಟ್ರ್ಯಾಕಿನ ಭಾಷೆ ಬಾವುಟಗಳದ್ದು. ಹಳದಿ ಬೀಸಿದರೆ ಮುಂದೆ ಅಪಾಯ: ನಿಧಾನಿಸಿ, ಯಾರನ್ನೂ ಹಿಂದಿಕ್ಕಬೇಡಿ. ಹಳದಿ ಮೇಲೆ ಕೆಂಪು ಪಟ್ಟೆಗಳಿದ್ದರೆ ನೆಲ ಜಾರುತ್ತಿದೆ. ನೀಲಿ ಕಂಡರೆ ವೇಗದವನೊಬ್ಬ ಹಿಂದೆ ಬರುತ್ತಿದ್ದಾನೆ. ಕಪ್ಪು ನಿಮ್ಮತ್ತ ತೋರಿಸಿದರೆ ಪಿಟ್‌ಗೆ ಬನ್ನಿ, ಏನೋ ತಪ್ಪು ಮಾಡಿದ್ದೀರಿ. ಕಪ್ಪಿನ ನಡುವೆ ಕಿತ್ತಳೆ ಬೊಟ್ಟಿದ್ದರೆ ನಿಮ್ಮ ವಾಹನದಲ್ಲಿ ದೋಷ ಕಂಡಿದೆ, ಓಟದ ದಾರಿ ಬಿಟ್ಟು ಬದಿಗೆ ಬನ್ನಿ. ಕೆಂಪು ಎಂದರೆ ಕಂತು ನಿಂತಿತು. ಕೆಂಪು ಕಂಡ ಕೂಡಲೇ ಹೊಸಬರು ಗಕ್ಕನೆ ಬ್ರೇಕ್ ಒತ್ತುತ್ತಾರೆ, ಹಿಂದಿನವನು ಬಂದು ಗುದ್ದುತ್ತಾನೆ. ಕೈಯೆತ್ತಿ ಹಿಂದಿನವರಿಗೆ ಸೂಚಿಸಿ, ಕ್ರಮವಾಗಿ ವೇಗ ಇಳಿಸಿ, ನಿಧಾನಕ್ಕೆ ಪಿಟ್‌ಗೆ ಬರಬೇಕು. ಮಾರ್ಷಲ್‌ಗಳು ಬಿಸಿಲಲ್ಲಿ ದಿನವಿಡೀ ನಿಂತು ನಿಮಗಾಗಿ ಈ ಬಾವುಟ ಬೀಸುವವರು. ಕೊನೆಯ ಸುತ್ತಿನಲ್ಲಿ ಅವರತ್ತ ಕೈಬೀಸುವುದು ಟ್ರ್ಯಾಕಿನ ಹಳೆಯ ರೂಢಿ, ಅದನ್ನು ಪಾಲಿಸಿ.

ಒಂದು ಕಂತು ಸಾಮಾನ್ಯವಾಗಿ 15–20 ನಿಮಿಷ. ಕಡಿಮೆಯಾಯಿತು ಎಂದು ಕೇಳುವವರು ಮೊದಲ ಕಂತು ಮುಗಿಸಿ ಬಂದ ಮೇಲೆ ಕೇಳುವುದಿಲ್ಲ. ಸಮುದ್ರ ತೀರದ ಸೆಕೆ, ಮೈಗಂಟಿದ ಚರ್ಮ, ತೊಡೆಯಲ್ಲಿ ಬೈಕನ್ನು ಹಿಡಿದಿಡುವ ಶ್ರಮ ಎಲ್ಲ ಸೇರಿ ಹಿಂಡಿಬಿಡುತ್ತವೆ. ಕಂತುಗಳ ನಡುವೆ ಸೂಟನ್ನು ಸೊಂಟಕ್ಕೆ ಇಳಿಸಿ ನೆರಳಲ್ಲಿ ಕೂರಿ. ಬಾಯಾರುವ ಮುಂಚೆಯೇ ಕುಡಿಯುತ್ತಿರಿ: ನೀರು, ಮಜ್ಜಿಗೆ, ಓಆರ್‌ಎಸ್. ಬೆಳಗ್ಗೆ ಇಡ್ಲಿ ಸಾಕು. ಮಧ್ಯಾಹ್ನ ಬಿರಿಯಾನಿ ತಿಂದು ಮೂರು ಗಂಟೆಯ ಕಂತಿಗೆ ಹೋದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಓಡಿಸುವುದರ ಬಗ್ಗೆ ಬರಹದಲ್ಲಿ ಹೇಳಬಹುದಾದದ್ದು ಸ್ವಲ್ಪವೇ. ಮೊದಲ ಎರಡು ಸುತ್ತು ಟೈರು ಕಾಯಿಸಲು, ಕಣ್ಣು ಪಳಗಿಸಲು. ಬ್ರೇಕ್ ಹಾಕುವುದು, ಗೇರ್ ಇಳಿಸುವುದು ಎಲ್ಲ ವಾಹನ ನೆಟ್ಟಗಿರುವಾಗಲೇ ಮುಗಿಯಲಿ. ಕಣ್ಣು ಮುಂದಿನ ಚಕ್ರದ ಮುಂದಲ್ಲ, ತಿರುವಿನಾಚೆಗೆ ಇರಲಿ. ಬೈಕು ನೀವು ನೋಡಿದತ್ತ ಹೋಗುತ್ತದೆ, ಹುಲ್ಲನ್ನು ನೋಡಿದರೆ ಹುಲ್ಲಿಗೇ ಹೋಗುತ್ತದೆ. ಒಂದು ಕಂತಿನಲ್ಲಿ ಒಂದೇ ಸಂಗತಿ ತಿದ್ದಿಕೊಳ್ಳಲು ನೋಡಿ. ಎಲ್ಲಕ್ಕೂ ಮುಖ್ಯವಾಗಿ, ಮುಂದೆ ಹೋದವನನ್ನು ಅಟ್ಟಿಸಿಕೊಂಡು ಹೋಗಬೇಡಿ. ಅವನ ಟೈರು ಬೇರೆ, ಅನುಭವ ಬೇರೆ. ಅವನು ತಪ್ಪಿದರೆ ನೀವೂ ಅವನ ಹಿಂದೆಯೇ ಹೊರಗೆ ಹೋಗುತ್ತೀರಿ. ಮೊಣಕಾಲು ನೆಲಕ್ಕೆ ತಾಗಿಸುವ ಫೋಟೋಕ್ಕಾಗಿ ಬಂದವರು ಮಾತ್ರ ಸಾಮಾನ್ಯವಾಗಿ ಭುಜವನ್ನೂ ತಾಗಿಸಿ ಹೋಗುತ್ತಾರೆ.

ಅಪಾಯದ ಮಾತನ್ನು ಮುಚ್ಚಿಡುವುದು ಸರಿಯಲ್ಲ. 2023ರ ಜನವರಿಯಲ್ಲಿ ಇದೇ ಟ್ರ್ಯಾಕಿನಲ್ಲಿ 59 ವರ್ಷದ ಪಳಗಿದ ಕಾರು ರೇಸರ್ ಒಬ್ಬರು ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 5ರಂದು ರಾಷ್ಟ್ರೀಯ ಬೈಕ್ ಚಾಂಪಿಯನ್‌ಷಿಪ್‌ನ ರೇಸಿನಲ್ಲಿ ಬಿದ್ದು ಬೆಂಗಳೂರಿನ 13 ವರ್ಷದ ಹುಡುಗ ಪ್ರಾಣ ಬಿಟ್ಟ. ಎರಡೂ ಸ್ಪರ್ಧೆಯ ವೇಳೆ ಆದವು, ಟ್ರ್ಯಾಕ್ ಡೇಯಲ್ಲಲ್ಲ. ಆದರೆ ಡಾಂಬರಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಮಗನಿಗೋ ಮಗಳಿಗೋ ರೇಸಿನ ಆಸೆಯಿದ್ದರೆ ಕಾರ್ಟಿಂಗಿನಿಂದ ಶುರುಮಾಡಿಸಿ, ಬೆಂಗಳೂರಿನಲ್ಲೇ ಅದಕ್ಕೆ ಅನುಕೂಲವಿದೆ. ಅವಸರ ಮಕ್ಕಳದ್ದೋ ಅಪ್ಪನದ್ದೋ ಎಂದು ಅಪ್ಪಂದಿರು ಒಮ್ಮೆ ಕೇಳಿಕೊಳ್ಳಬೇಕು.

ವಿಮೆ ಎಂಬ ಭ್ರಮೆ

"ಫುಲ್ ಇನ್ಶೂರೆನ್ಸ್ ಇದೆ ಬಿಡಿ" ಎನ್ನುವವರು ತಮ್ಮ ಪಾಲಿಸಿ ತೆಗೆದು ಬಳಕೆಯ ಮಿತಿ ಎಂಬ ಭಾಗ ಓದಲಿ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ, ಪೇಸ್ ಮೇಕಿಂಗ್, ರಿಲಯಬಿಲಿಟಿ ಟ್ರಯಲ್ ಇವಕ್ಕೆ ಬಳಸಿದರೆ ವಿಮೆ ಇಲ್ಲ ಎಂದು ನಮ್ಮ ದೇಶದ ಮಾಮೂಲಿ ವಾಹನ ಪಾಲಿಸಿಗಳು ಹೇಳುತ್ತವೆ. ಟ್ರ್ಯಾಕ್ ಡೇ ರೇಸ್ ಅಲ್ಲವೆಂದು ವಾದಿಸಬಹುದು, ಆದರೆ ಆ ವಾದವನ್ನು ವಿಮಾ ಕಂಪನಿಯ ಮುಂದೆ ಗೆಲ್ಲುತ್ತೇನೆಂಬ ನಂಬಿಕೆಯ ಮೇಲೆ ಬೈಕು ಓಡಿಸಬೇಡಿ. ಬಿದ್ದರೆ ರಿಪೇರಿ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿ, ಆ ಮೊತ್ತ ಭರಿಸಲಾಗದ ವಾಹನವನ್ನು ಒಯ್ಯಬೇಡಿ. ಕಂಪನಿಯ ವಾರಂಟಿಯಲ್ಲೂ ಇಂಥದೇ ಷರತ್ತು ಇರುವುದುಂಟು.

ಆರೋಗ್ಯ ವಿಮೆಯ ಸ್ಥಿತಿ ತುಸು ವಾಸಿ. ಸಾಹಸ ಕ್ರೀಡೆಗಳಲ್ಲಿ ವೃತ್ತಿಪರನಾಗಿ ಭಾಗವಹಿಸಿದಾಗ ಆದ ಗಾಯಕ್ಕೆ ಖರ್ಚು ಕೊಡುವುದಿಲ್ಲ ಎಂಬುದು ವಿಮಾ ಪ್ರಾಧಿಕಾರ ಗೊತ್ತುಮಾಡಿರುವ ಒಕ್ಕಣೆ. ಮೋಟಾರ್ ರೇಸಿಂಗ್ ಆ ಪಟ್ಟಿಯಲ್ಲಿ ಹೆಸರಿಡಿದೇ ಇದೆ. ಹವ್ಯಾಸಿಗೆ ಅಲ್ಲಿ ಉಸಿರಾಡಲು ಜಾಗವಿದೆ. ಆದರೂ ವೈಯಕ್ತಿಕ ಅಪಘಾತ ವಿಮೆ, ಕಚೇರಿಯ ಗುಂಪು ವಿಮೆಗಳ ಷರತ್ತು ಬೇರೆಬೇರೆ ಇರುವುದರಿಂದ ಹೊರಡುವ ಮುಂಚೆ ಕಂಪನಿಗೆ ಇಮೇಲ್ ಹಾಕಿ ಲಿಖಿತ ಉತ್ತರ ತರಿಸಿಕೊಳ್ಳಿ. ಏಜೆಂಟರ ಬಾಯಿಮಾತು ಆಸ್ಪತ್ರೆಯ ಕೌಂಟರಿನಲ್ಲಿ ನಡೆಯದು. ಟ್ರ್ಯಾಕಿನ ಗೇಟಿನಲ್ಲಿ ನಿಮ್ಮಿಂದ ಒಂದು ಹೊಣೆಮುಕ್ತಿ ಪತ್ರಕ್ಕೂ ಸಹಿ ಹಾಕಿಸಿಕೊಳ್ಳುತ್ತಾರೆ. ಕೈಯಲ್ಲಿ ಹೆಲ್ಮೆಟ್ ಹಿಡಿದು ಆತುರದಲ್ಲಿ ಸಹಿ ಹಾಕುವ ಬದಲು ಅದರ ಪ್ರತಿಯನ್ನು ಮೊದಲೇ ತರಿಸಿ ಮನೆಯವರೊಂದಿಗೆ ಕೂತು ಓದಿ. ಮನೆಯಲ್ಲಿ ಹೇಳದೆ ಟ್ರ್ಯಾಕಿಗೆ ಹೋಗುವವರ ಸಂಖ್ಯೆ ಕಡಿಮೆಯೇನಿಲ್ಲ. ಆ ಪತ್ರದಲ್ಲಿ ತುರ್ತು ಸಂಪರ್ಕಕ್ಕೆಂದು ಒಂದು ಹೆಸರು ಬರೆಯಲೇಬೇಕು ಎಂಬುದನ್ನು ಅವರು ಗಮನಿಸಲಿ.

ಇನ್ನೊಂದು ಮಾತು ವಾಪಸ್ ಬರುವುದರ ಕುರಿತು. ಸಂಜೆ ಐದರ ಹೊತ್ತಿಗೆ ಮೈಯಲ್ಲಿ ನೀರಿಲ್ಲ, ಕಾಲಲ್ಲಿ ಬಲವಿಲ್ಲ, ತಲೆಯಲ್ಲಿ ಮಾತ್ರ ವೇಗ ಉಳಿದಿರುತ್ತದೆ. ದಿನವಿಡೀ ಎದುರು ವಾಹನವಿಲ್ಲದ ದಾರಿಯಲ್ಲಿ ಓಡಿಸಿದ ಕಣ್ಣಿಗೆ ಹೆದ್ದಾರಿಯ 80 ತೀರಾ ನಿಧಾನವೆನಿಸುತ್ತದೆ, ಅಪಾಯ ಇರುವುದು ಅಲ್ಲೇ. ಟೈರಿನ ಅಂಚು ಸವೆದಿದೆ, ಬ್ರೇಕ್ ಕಾದು ಆರಿದೆ, ಕಳಚಿಟ್ಟ ಕನ್ನಡಿ ಇನ್ನೂ ಬ್ಯಾಗಿನಲ್ಲಿದೆ. ದಯವಿಟ್ಟು ಆ ರಾತ್ರಿ ಹೊರಡಬೇಡಿ. ಊಟ ಮಾಡಿ ಮಲಗಿ. ಬೆಳಗ್ಗೆ ಎದ್ದು ಕನ್ನಡಿ, ನಂಬರ್ ಪ್ಲೇಟು, ದೀಪಗಳನ್ನೆಲ್ಲ ಸರಿಯಾಗಿ ಜೋಡಿಸಿ, ಟೈರಿನ ಒತ್ತಡವನ್ನು ರಸ್ತೆಯ ಮಟ್ಟಕ್ಕೆ ತಂದು, ಬ್ರೇಕ್ ಒತ್ತಿ ನೋಡಿ, ಆಮೇಲೆ ಬೆಂಗಳೂರಿನ ದಾರಿ ಹಿಡಿಯಿರಿ. ಒಂದು ದಿನದ ಹೆಚ್ಚಿನ ರಜೆಯನ್ನು ಕಚೇರಿಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ.